ಉರಿಬಿಸಿಲಲ್ಲೇ ನಮ್ ಸೋಲಾರ್ ಪಂಪು ಯಾಕೆ ಸೊರಗ್ತೈತೆ? ಬಿಸಿಲು ಕರೆಂಟಾಗೋದು ಹೆಂಗೆ ಅಂತ ಯಾರಾದ್ರೂ ಬಿಡಿಸಿ ಹೇಳಿ

ತೋಪಿನ_ಹುಡುಗ:

ಎಲ್ರಿಗೂ ನಮಸ್ಕಾರ. ನಮ್ದು ಶ್ರೀನಿವಾಸಪುರದ ಹತ್ರ, ನಾಲ್ಕೆಕರೆ ಮಾವು, ಪಕ್ಕದಲ್ಲಿ ಒಂದೆಕರೆ ಟೊಮ್ಯಾಟೊ. ಹೋದ ವರ್ಷ ಬೋರ್‌ವೆಲ್‌ಗೆ ಸೋಲಾರ್ ಹಾಕಿಸಿದ್ವಿ, 5 ಎಚ್‌ಪಿ ಪಂಪು, 540 ವ್ಯಾಟಿಂದು 9 ಪ್ಯಾನೆಲ್, ತೋಪಿನ ಅಂಚಲ್ಲೇ ಸ್ಟ್ಯಾಂಡ್ ನಿಲ್ಲಿಸವ್ರೆ. ಹಾಕೋಕೆ ಬಂದಿದ್ದ ಹುಡುಗ "ಬಿಸಿಲು ಏರಿದಷ್ಟೂ ಕರೆಂಟು ಅಣ್ಣ, ನಿಮ್ ಕೋಲಾರದ ಬಿಸಿಲಿಗೆ ಇದು ಕುಣೀತದೆ ನೋಡ್ತಿರಿ" ಅಂತ ಹೇಳಿ ಟೀ ಕುಡ್ದು ಹೋದ.

ಜನವರಿಲಿ ನಿಜವಾಗ್ಲೂ ಕುಣೀತು. ಈಗ ಏಪ್ರಿಲ್, ಚಪ್ಲಿ ಇಲ್ದೆ ಕಾಲಿಟ್ರೆ ಅಂಗಾಲು ಬೊಬ್ಬೆ ಬರ್ತದೆ ಅಂಥ ಬಿಸಿಲು, ಆದ್ರೆ ಮಧ್ಯಾಹ್ನ ಒಂದು ಗಂಟೆಗೆ ಪೈಪಲ್ಲಿ ಬರೋ ನೀರು ಜನವರಿದಕ್ಕೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೆ. ಅಪ್ಪನ ಲೆಕ್ಕ ಏನಂದ್ರೆ ಬಿಸಿಲು ಕಾಯಿಸ್ತದೆ, ಕಾದ್ರೆ ಕರೆಂಟ್ ಬರ್ತದೆ, ಇಷ್ಟು ಕಾದ್ರೂ ಬರ್ತಿಲ್ಲ ಅಂದ್ರೆ ಮಾಲೇ ಸರಿ ಇಲ್ಲ, ಮೋಸ ಮಾಡವ್ರೆ ಅಂತ. ದಿನಾ ನನ್ ಮೇಲೆ ರೇಗಾಟ, ಯಾಕಂದ್ರೆ ಅರ್ಜಿ ಹಾಕಿದ್ದು ನಾನು. ನಾನು ಓದಿದ್ದು ಬಿಕಾಂ, ಡೆಬಿಟ್ ಕ್ರೆಡಿಟ್ ಕೇಳಿ ಹೇಳ್ತೀನಿ, ಇದು ಗೊತ್ತಾಗಲ್ಲ. ಅಸಲಿಗೆ ಆ ಗಾಜಿನ ಹಲಗೆ ಒಳಗೆ ಏನು ನಡೀತದೆ, ಅಲ್ಲಾಡೋ ಸಾಮಾನು ಒಂದೂ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ, ಕರೆಂಟ್ ಎಲ್ಲಿಂದ ಬಂತು? ಅಪ್ಪನಿಗೆ ಅರ್ಥ ಆಗೋ ಥರ ಹೇಳಿ ಪ್ಲೀಸ್.

—

ಬಂಗಾರಪೇಟೆ_ಬಾಸ್:

ಸಿಂಪಲ್ ಬ್ರೋ. ಕರಿ ಬಣ್ಣ ಶಾಖ ಎಳ್ಕೊಳ್ತದೆ, ಆ ಶಾಖನೇ ಒಳಗೆ ಕರೆಂಟ್ ಆಗ್ತದೆ. ಅದಕ್ಕೇ ಪ್ಯಾನೆಲ್ ಕಪ್ಪಗಿರೋದು. ನಿಮ್ದು ಡೂಪ್ಲಿಕೇಟ್ ಮಾಲು, ಚೇಂಜ್ ಮಾಡ್ಸಿ.

—

ನಿವೃತ್ತ_ಫಿಸಿಕ್ಸ್ (ಶಿಡ್ಲಘಟ್ಟ):

ಬಾಸ್ ಅವ್ರೇ ಬೇಜಾರ್ ಮಾಡ್ಕೋಬೇಡಿ, ನೀವು ಹೇಳಿದ್ದು ಮನೆ ಮೇಲಿರೋ ಸ್ನಾನದ ನೀರಿನ ಸೋಲಾರ್‌ಗೆ ಸರಿ, ಇದಕ್ಕಲ್ಲ. ಎರಡೂ ತಾರಸಿ ಮೇಲಿರ್ತವೆ, ಎರಡಕ್ಕೂ ಸೋಲಾರ್ ಅಂತೀವಿ, ಅದಕ್ಕೇ ಊರೆಲ್ಲಾ ಈ ಗೊಂದಲ. ನೀರು ಕಾಯಿಸೋದು ಶಾಖದ ಕೆಲಸ. ಪ್ಯಾನೆಲ್ಲಿಗೆ ಬೇಕಿರೋದು ಬೆಳಕು, ಕಾವಲ್ಲ. ಕಾವು ಅದಕ್ಕೆ ಶತ್ರು. (ರಾಜಸ್ಥಾನದಲ್ಲಿ ಸಾಲು ಸಾಲು ಕನ್ನಡಿ ಇಟ್ಟು ಬಿಸಿಲನ್ನ ಒಂದೆಡೆ ಸೇರಿಸಿ, ಹಬೆ ಮಾಡಿ ಟರ್ಬೈನ್ ತಿರುಗಿಸೋ ಸ್ಥಾವರನೂ ಇದೆ, ಅದು ಬೇರೆ ಕಥೆ.)

ತೋಪಿನ ಹುಡುಗ, ನಿಮ್ಮಪ್ಪನಿಗೆ ಹೀಗೆ ಹೇಳಪ್ಪ. ಆ ಹಲಗೆ ಒಳಗೆ ಇರೋದು ಸಿಲಿಕಾನ್, ಮರಳಲ್ಲಿರೋದೇ, ಚೆನ್ನಾಗಿ ಶುದ್ಧಿ ಮಾಡಿ ಕಾರ್ಡ್‌ಶೀಟಿಗಿಂತ ತೆಳ್ಳಗೆ ಹೋಳು ಹಾಕಿರ್ತಾರೆ. ಒಂದೊಂದು ಸಿಲಿಕಾನ್ ಪರಮಾಣುನೂ ಒಂದು ಮಾವಿನ ಮರ ಅಂತ ಇಟ್ಕೊಳ್ಳಿ, ಎಲೆಕ್ಟ್ರಾನ್ ಅಂದ್ರೆ ಕಾಯಿ, ತೊಟ್ಟು ಗಟ್ಟಿಯಾಗಿ ಹಿಡ್ಕೊಂಡಿದೆ. ಬೆಳಕು ಅಂದ್ರೆ ನೀರಿನ ಥರ ಹರಿಯೋದು ಅಂತ ನಾವು ಅನ್ಕೊಂಡಿರ್ತೀವಿ, ಆದ್ರೆ ಅದು ಬೀಳೋದು ಹಿಡಿ ಕಲ್ಲು ಎಸೆದ ಹಾಗೆ, ಕಾಳು ಕಾಳಾಗಿ. ಇದನ್ನ 1905ರಲ್ಲಿ ಹೇಳಿದ್ದು ಐನ್‌ಸ್ಟೈನ್, ಅವ್ರಿಗೆ 1921ರ ನೊಬೆಲ್ ಬಂದಿದ್ದೂ ಮುಖ್ಯವಾಗಿ ಈ ವಿಚಾರಕ್ಕೇ, ಎಲ್ರೂ ಅನ್ಕೊಂಡಿರೋ ಹಾಗೆ ಸಾಪೇಕ್ಷತೆಗಲ್ಲ. ನಾನು ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಪ್ರತಿ ವರ್ಷ ಒಬ್ಬನಾದ್ರೂ ತಪ್ಪು ಬರೀತಿದ್ದ.

ಈಗ ಕಲ್ಲಿನ ವಿಷಯ. ಚಿಕ್ಕ ಕಲ್ಲಿದ್ರೆ ಸಾವಿರ ಹೊಡೆದ್ರೂ ತೊಟ್ಟು ಮುರಿಯಲ್ಲ, ಬರೀ ಕೊಂಬೆ ಅಲ್ಲಾಡ್ತದೆ. ನಮ್ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿದೆಯಲ್ಲ, ಮೈಗೆ ಬಿಸಿ ಅನ್ಸೋದು, ಅದರಲ್ಲಿ ಸುಮಾರು ಪಾಲು ಈ ಚಿಕ್ಕ ಕಲ್ಲು. ಸಾಕಷ್ಟು ದೊಡ್ಡ ಕಲ್ಲು ಬಿದ್ರೆ ಒಂದು ಕಾಯಿ ಉದುರ್ತದೆ. ಇನ್ನೂ ದೊಡ್ಡ ಕಲ್ಲು, ಅಂದ್ರೆ ನೀಲಿ ಬೆಳಕು ಬಿದ್ರೂ ಉದುರೋದು ಒಂದೇ ಕಾಯಿ, ಮಿಕ್ಕ ಜೋರೆಲ್ಲಾ ಕಾವಾಗಿ ಹಾಳು. ಹಿಂಗೆ ಚಿಕ್ಕದೂ ವೇಸ್ಟು, ದೊಡ್ಡದರಲ್ಲಿ ಅರ್ಧ ವೇಸ್ಟು. ಅದಕ್ಕೇ ಇಂಥ ಒಂದೇ ಪದರದ ಸೆಲ್ಲು (ಪ್ಯಾನೆಲ್ಲಲ್ಲಿ ಕಾಣೋ ಒಂದೊಂದು ಹೋಳು) ಎಷ್ಟೇ ಚೆನ್ನಾಗಿ ಮಾಡಿದ್ರೂ, ಬಿದ್ದ ಬೆಳಕಲ್ಲಿ ಕರೆಂಟಾಗೋದು ನೂರಕ್ಕೆ 33ರ ಆಸುಪಾಸು ದಾಟಲ್ಲ ಅಂತ 1961ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ನಿಮ್ ಮನೆ ಪ್ಯಾನೆಲ್ಲು 21ರ ಹತ್ರ ಇರ್ಬೇಕು.

ಕಾಯಿ ಉದುರಿದ್ರೆ ಆಯ್ತಾ? ಸಮ ನೆಲ ಆದ್ರೆ ಅಲ್ಲೇ ಬಿದ್ದಿರ್ತದೆ, ಮತ್ತೆ ಹೋಗಿ ಮರಕ್ಕೇ ಅಂಟ್ಕೊಳ್ತದೆ (ನಮ್ ಮಾವಿನಕಾಯಿ ಅಂಟ್ಕೊಳ್ಳಲ್ಲ, ಇದು ಅಂಟ್ಕೊಳ್ತದೆ). ಅದಕ್ಕೆ ನೆಲನ ಇಳಿಜಾರು ಮಾಡ್ಬೇಕು. ಆ ತೆಳು ಹೋಳಿನ ಒಂದು ಮುಖಕ್ಕೆ ರಂಜಕದ ಚೂರು ಸೇರಿಸ್ತಾರೆ, ಅದರಲ್ಲಿ ಒಂದು ಎಲೆಕ್ಟ್ರಾನ್ ಜಾಸ್ತಿ. ಇನ್ನೊಂದು ಮುಖಕ್ಕೆ ಬೋರಾನ್, ಅದರಲ್ಲಿ ಒಂದು ಕಮ್ಮಿ. ಇವೆರಡೂ ಸೇರೋ ಗಡಿಲಿ ತಾನೇ ತಾನಾಗಿ ಒಂದು ಇಳಿಜಾರು ಹುಟ್ಕೊಳ್ತದೆ. ಉದುರಿದ ಎಲೆಕ್ಟ್ರಾನ್ ಒಂದೇ ಕಡೆಗೆ ಉರುಳ್ತದೆ, ಅಲ್ಲಿ ಬೆಳ್ಳಿ ಗೆರೆಗಳು ಕಾಯ್ತಿರ್ತವೆ, ಎತ್ತಿ ವೈರಿಗೆ ಹಾಕ್ತವೆ. ಅಷ್ಟೇ ಕರೆಂಟು. ಒಂದು ಸೆಲ್ಲು ಅಂಗೈಯಷ್ಟಿದ್ರೂ ತಟ್ಟೆಯಷ್ಟಿದ್ರೂ ಸಿಗೋದು 0.6 ವೋಲ್ಟ್ ಆಸುಪಾಸು, ದೊಡ್ಡದಾದ್ರೆ ಆಂಪ್ಸ್, ಅಂದ್ರೆ ಹರಿಯೋ ಕರೆಂಟಿನ ಪ್ರಮಾಣ, ಜಾಸ್ತಿ ಅಷ್ಟೆ. ಅದಕ್ಕೇ ಹಾರ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಜೋಡಿಸೋದು.

ಕಾವು ಯಾಕೆ ಶತ್ರು ಅಂದ್ರೆ, ಬಿಸಿಯಾದಷ್ಟೂ ಆ ಇಳಿಜಾರು ಸಮ ಆಗ್ತಾ ಬರ್ತದೆ, ಉದುರಿದ ಕಾಯಿ ವಾಪಸ್ ಮರಕ್ಕೆ ಅಂಟೋದು ಜಾಸ್ತಿ ಆಗ್ತದೆ, ವೋಲ್ಟೇಜು ಇಳೀತದೆ. ಪ್ಯಾನೆಲ್ ಹಿಂದೆ ಬರೆದಿರೋ 540 ವ್ಯಾಟು 25 ಡಿಗ್ರಿಲಿ ಅಳೆದಿದ್ದು. ಒಂದೊಂದು ಡಿಗ್ರಿ ಏರಿದಾಗ ನೂರಕ್ಕೆ 0.35ರಷ್ಟು ಪವರ್ ಇಳೀತದೆ ಅಂತ ಇಟ್ಕೊಂಡ್ರೆ, ಏಪ್ರಿಲ್ ಮಧ್ಯಾಹ್ನ ಆ ಗಾಜು 65 ಡಿಗ್ರಿ ಮುಟ್ಟಿದಾಗ 14 ಪರ್ಸೆಂಟ್ ಹೋಯ್ತು. ಅದೇ ನಿಮ್ ನೀರಿನ ಕಥೆ.

ನಂಬಿಕೆ ಬರ್ಲಿಲ್ಲ ಅಂದ್ರೆ ಮನೇಲೇ ನೋಡ್ಬಹುದು. ದೀಪಾವಳಿ ಸೀರಿಯಲ್ ಸೆಟ್ ಕೆಟ್ಟಿರ್ತದಲ್ಲ, ಅದರಿಂದ ಒಂದು ಕೆಂಪು ಎಲ್‌ಇಡಿ ಕಿತ್ಕೊಂಡು ಮಲ್ಟಿಮೀಟರ್ ಕಡ್ಡಿ ಮುಟ್ಟಿಸಿ ಬಿಸಿಲಿಗೆ ಹಿಡೀರಿ, ಒಂದೂವರೆ ವೋಲ್ಟ್ ಹತ್ರ ತೋರಿಸ್ತದೆ. ಕೈ ಅಡ್ಡ ಇಡಿ, ಬಿದ್ದೋಗ್ತದೆ. ಒಲೆ ಹತ್ರ ಹಿಡಿದು ಕಾಯಿಸಿ, ಏನೂ ಬರಲ್ಲ. ಕರೆಂಟ್ ಕೊಟ್ರೆ ಬೆಳಕು ಕೊಡೋ ವಸ್ತುಗೆ ಬೆಳಕು ಕೊಟ್ರೆ ಕರೆಂಟ್ ಕೊಡ್ತದೆ. ನಮ್ ಲ್ಯಾಬಲ್ಲಿ ಇದನ್ನ ನೋಡಿದಾಗ ಹುಡುಗ್ರು ಬಾಯಿ ತೆಗೆದು ನಿಂತಿರೋವ್ರು. ಮೊಬೈಲ್ ಚಾರ್ಜ್ ಮಾಡೋಕೆ ಹೋಗ್ಬೇಡಿ, ಬರೋದು ನೊಣದ ಬಲ.

—

ಅಜ್ಜಿ_ಮೊಮ್ಮಗಳು:

ಸಾರ್ ಸೂಪರ್. ನಮ್ಮಜ್ಜಿಗೆ ಓದಿ ಹೇಳ್ದೆ. ಅವ್ರ ಪ್ರಶ್ನೆ: ದಿನಾ ಕಾಯಿ ಉದುರಿಸ್ತಾ ಇದ್ರೆ ಒಂದಿನ ಮರ ಬರಿದಾಗಲ್ವಾ? ಆಮೇಲೆ ಪ್ಯಾನೆಲ್ ಬಿಸಾಕೋದಾ?

—

ನಿವೃತ್ತ_ಫಿಸಿಕ್ಸ್ (ಶಿಡ್ಲಘಟ್ಟ):

ಅಜ್ಜಿಗೆ ನೂರಕ್ಕೆ ನೂರು ಮಾರ್ಕ್ಸ್! ಈ ಪ್ರಶ್ನೆನ ನಮ್ ಪಿಯುಸಿ ಹುಡುಗ್ರು ಒಬ್ರೂ ಕೇಳಿರ್ಲಿಲ್ಲ. ಬರಿದಾಗಲ್ಲಮ್ಮ, ಯಾಕಂದ್ರೆ ಹೋದ ಕಾಯಿ ಪಂಪು ತಿರುಗಿಸಿ ಇನ್ನೊಂದು ವೈರಲ್ಲಿ ಸುತ್ತಿ ಬಂದು ಪ್ಯಾನೆಲ್ಲಿನ ಹಿಂಬದಿಯಿಂದ ಮತ್ತೆ ಮರಕ್ಕೇ ಸೇರ್ಕೊಳ್ತದೆ. ಏತದ ಗೂಡೆ ಥರ, ಇಳಿದದ್ದು ಹತ್ತಲೇಬೇಕು. ಅದಕ್ಕೇ ಎರಡು ವೈರು ಇರೋದು. ಸವೆಯೋ ವಸ್ತು ಇಲ್ದೇ ಇರೋದ್ರಿಂದಲೇ ಕಂಪನಿಯವ್ರು ಧೈರ್ಯವಾಗಿ 25 ವರ್ಷ ಗ್ಯಾರಂಟಿ ಕೊಡೋದು, ನಿಧಾನಕ್ಕೆ ಸ್ವಲ್ಪ ಸ್ವಲ್ಪ ಇಳೀತದೆ ಅಷ್ಟೆ.

ಇನ್ನೊಂದು ಹೇಳೋದು ಮರ್ತಿದ್ದೆ. ಬೆಳಕಿಂದ ಕರೆಂಟು ಬರ್ತದೆ ಅಂತ ಮೊದಲು ಕಂಡಿದ್ದು ಬೆಕೆರೆಲ್ ಅಂತ ಫ್ರಾನ್ಸಿನ ಹುಡುಗ, 1839ರಲ್ಲಿ, ವಯಸ್ಸು 19. ಸಿಲಿಕಾನಲ್ಲಿ ಕೆಲಸಕ್ಕೆ ಬರೋ ಸೆಲ್ಲು ಮಾಡಿದ್ದು ಅಮೆರಿಕದ ಬೆಲ್ ಲ್ಯಾಬ್ಸು, 1954ರಲ್ಲಿ, ನೂರಕ್ಕೆ 6 ಅಷ್ಟೇ ಬರ್ತಿತ್ತು, ಅದ್ರಲ್ಲಿ ಒಂದು ಆಟಿಕೆ ಚಕ್ರ ತಿರುಗಿಸಿ ತೋರಿಸಿದ್ರಂತೆ. ನಮ್ ಕೋಲಾರಕ್ಕೆ ಕರೆಂಟು ಹೊಸದೇನಲ್ಲ, 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಲೈನ್ ಎಳೆದಿದ್ರು. ನೀರಿಲ್ಲದ ಜಿಲ್ಲೆಗೆ ನೀರಿನ ಕರೆಂಟು. ಇದೇ ಕೋಲಾರದ ಯಳೇಸಂದ್ರದಲ್ಲಿ ಕೆಪಿಸಿ (ರಾಜ್ಯದ ವಿದ್ಯುತ್ ನಿಗಮ) ಅವ್ರು 3 ಮೆಗಾವ್ಯಾಟ್ ಸೋಲಾರ್ ಹಾಕಿದಾಗ ದೇಶದಲ್ಲೇ ಅಂಥವು ಬೆರಳೆಣಿಕೆಯಷ್ಟಿದ್ವು.

—

ವೈರ್‌ಮ್ಯಾನ್_ಮಾವ (ಚಿಕ್ಕಬಳ್ಳಾಪುರ):

ಮೇಷ್ಟ್ರೇ ಕಥೆ ಚೆನ್ನಾಗೈತೆ, ಆದ್ರೆ ಲೆಕ್ಕದಲ್ಲಿ ಒಂದು ಎಡವಟ್ಟು. 25 ಡಿಗ್ರಿ ಅನ್ನೋದು ಫ್ಯಾಕ್ಟರಿಲಿ. ಜನವರಿ ಮಧ್ಯಾಹ್ನ ನಮ್ ಕಡೆ ಗಾಳಿ 27 ಇದ್ರೂ ಪ್ಯಾನೆಲ್ಲು ಅದರ ಮೇಲೆ ಇನ್ನೊಂದು 28-30 ಡಿಗ್ರಿ ಕಾದಿರ್ತದೆ, 55 ಅಂತ ಇಟ್ಕೊಳ್ಳಿ. ಈಗ 67 ಇರ್ಬೋದು. ವ್ಯತ್ಯಾಸ 12 ಡಿಗ್ರಿ, ನಾಲ್ಕು ಪರ್ಸೆಂಟ್ ಚಿಲ್ರೆ. ನಾಲ್ಕು ಪರ್ಸೆಂಟಿಗೆ ನೀರು ಅರ್ಧ ಆಗಲ್ಲ ಸಾಮಿ. ಬೇರೆ ಏನೋ ಐತೆ.

ಒಂದು, ಬೋರಲ್ಲಿ ನೀರು ಇಳಿದಿರ್ತದೆ. ಬೇಸಿಗೆಲಿ ಇನ್ನೂ ನೂರಡಿ ಕೆಳಗಿಂದ ಎತ್ತಬೇಕು ಅಂದ್ರೆ ಅದೇ ಕರೆಂಟಿಗೆ ನೀರು ಕಮ್ಮಿ, ಇದಕ್ಕೆ ಯಾವ ಪ್ಯಾನೆಲ್ಲೂ ಹೊಣೆ ಅಲ್ಲ. ಇನ್ನೊಂದು ಗೊತ್ತಿರ್ಲಿ, ಸೋಲಾರ್ ಪಂಪು ಪವರ್ ಕಮ್ಮಿ ಆದಾಗ ನಿಧಾನಕ್ಕೆ ತಿರುಗ್ತದೆ, ಆಳ ಜಾಸ್ತಿ ಇದ್ದಾಗ ಸ್ವಲ್ಪ ನಿಧಾನ ಆದ್ರೂ ನೀರು ಮೇಲೆ ಹತ್ತೋ ಜೋರೇ ಸಾಲಲ್ಲ. ಅಂದ್ರೆ ಪವರ್ ಹತ್ತು ಇಳಿದ್ರೆ ನೀರು ಹತ್ತಲ್ಲ, ಇನ್ನೂ ಜಾಸ್ತಿ ಇಳೀತದೆ.

ಎರಡನೇದು, ತಮ್ಮ, ಕಂಟ್ರೋಲರ್ ಡಬ್ಬದ ಮೇಲೆ ಡಿಸ್‌ಪ್ಲೇ ಇರ್ತದಲ್ಲ, ಅದರಲ್ಲಿ ವೋಲ್ಟು, ಆಂಪ್ಸು ಎರಡೂ ಬರ್ತವೆ. ಮಧ್ಯಾಹ್ನ ಬರ್ಕೊಂಡ್ ಬಾ. 25 ವರ್ಷದಿಂದ ವೈರಿಂಗ್ ಮಾಡ್ತಿದೀನಿ, ನಾನ್ ನೋಡೋದೇ ಹಿಂಗೆ: ವೋಲ್ಟ್ ಇಳಿದಿದ್ರೆ ಕಾವು, ಇಲ್ಲ ಯಾವ್ದೋ ಒಂದು ಪ್ಯಾನೆಲ್ ಕೆಟ್ಟೋಗೈತೆ. ವೋಲ್ಟ್ ಸರಿಯಾಗಿದ್ದು ಆಂಪ್ಸ್ ಇಳಿದಿದ್ರೆ ಬೆಳಕೇ ಒಳಗೆ ಹೋಗ್ತಿಲ್ಲ, ಧೂಳು. ತೆಂಗಿನ ಗರಿ ನೆರಳು ಒಂದೇ ಒಂದು ಪ್ಯಾನೆಲ್ ಮೇಲೆ ಅಡ್ಡ ಬಿದ್ರೂ ಸಾಲಿಗೆ ಸಾಲೇ ಕಷ್ಟ ಪಡ್ತದೆ, ಪೈಪನ್ನ ಒಂದು ಕಡೆ ತುಳಿದ ಹಾಗೆ, ಅದಕ್ಕೇ ಒಂದೊಂದು ಪ್ಯಾನೆಲ್ ಹಿಂದೆನೂ ಮೂರು ಡಯೋಡ್ ಇಟ್ಟಿರ್ತಾರೆ, ನೆರಳಾದ ಭಾಗ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ಲಿ ಅಂತ. ಇಲ್ಲಿ ಒಬ್ಬರ ಮನೇಲಿ ಪಕ್ಕದೋರು ನೀರಿನ ಟ್ಯಾಂಕ್ ಎತ್ತರಿಸಿದ ದಿನದಿಂದ ಮೂರು ಗಂಟೆ ಮೇಲೆ ಯೂನಿಟ್ಟೇ ಬರ್ತಿರ್ಲಿಲ್ಲ, ಮೂರು ತಿಂಗಳು ಇನ್ವರ್ಟರ್ ಬೈದ್ರು.

ಪ್ಯಾನೆಲ್ ವೈರು ನೀನೇ ಕೀಳೋಕೆ ಹೋಗ್ಬೇಡ. 9 ಪ್ಯಾನೆಲ್ ಸಾಲಾಗಿ ಇದ್ರೆ 400 ವೋಲ್ಟ್ ಮೇಲೆ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟು. ಮನೆ ಲೈನಿನ ಎಸಿ ಕರೆಂಟ್ ಥರ ಅಲ್ಲ, ಕಿಡಿ ಹತ್ತಿದ್ರೆ ಎಳ್ಕೊಂಡು ಉರೀತದೆ. ಮೇನ್ ಆಫ್ ಮಾಡಿದ್ರೂ ಬಿಸಿಲಿರೋ ತನ್ಕ ಪ್ಯಾನೆಲ್ ಆಫ್ ಆಗಲ್ಲ. ನಾನೇ ಒಂದ್ಸಲ ಪಂಪು ಓಡ್ತಿದ್ದಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರು ಜೋಡಿಸೋ ಕೊಂಡಿ) ಎಳೆದು ಬೆರಳು ಸುಟ್ಕೊಂಡಿದೀನಿ, ಉಗುರು ಇವತ್ತಿಗೂ ಸೊಟ್ಟ ಬೆಳೀತದೆ.

—

ತುಮಕೂರು_ತಾರಸಿ:

ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾವು ಪಿಎಂ ಸೂರ್ಯಘರ್‌ಲಿ (ಕೇಂದ್ರದ ತಾರಸಿ ಸೋಲಾರ್ ಯೋಜನೆ) 3 ಕಿಲೋವ್ಯಾಟ್ ಹಾಕಿಸಿದ್ವಿ, 78,000 ಸಬ್ಸಿಡಿನೂ ಬಂತು, ಎಲ್ಲಾ ಸರಿ. ಆದ್ರೆ ಮಟಮಟ ಮಧ್ಯಾಹ್ನ ಕರೆಂಟ್ ಹೋದ್ರೆ ನಮ್ ಮನೇದೂ ಹೋಗ್ತದೆ!! ತಲೆ ಮೇಲೆ ಬಿಸಿಲು ಸುಡ್ತಿದೆ, ಕೆಳಗೆ ಫ್ಯಾನ್ ನಿಂತಿದೆ. ಏನ್ ಅನ್ಯಾಯ ಇದು?

—

ವೈರ್‌ಮ್ಯಾನ್_ಮಾವ (ಚಿಕ್ಕಬಳ್ಳಾಪುರ):

ಅದು ಲೈನ್‌ಮ್ಯಾನ್ ಜೀವ ಉಳಿಸೋಕೆ ಸಾರ್. ಪ್ಯಾನೆಲ್ಲಿಂದ ಬರೋ ಡಿಸಿನ ನಿಮ್ ಇನ್ವರ್ಟರ್ ಎಸಿ ಮಾಡಿ ಬೀದಿ ಲೈನಿನ ತಾಳಕ್ಕೆ ಸೇರಿಸ್ತದೆ, ಸೆಕೆಂಡಿಗೆ 50 ಸಲ. ಬೀದಿಲಿ ಕರೆಂಟ್ ತೆಗೆದು ಒಬ್ಬ ಕಂಬ ಹತ್ತಿರ್ತಾನೆ, ಆಗ ನಿಮ್ ಮನೆಯಿಂದ ಕರೆಂಟ್ ವಾಪಸ್ ಹೋದ್ರೆ ಅವನ ಗತಿ? ಅದಕ್ಕೇ ಲೈನ್ ಸತ್ತ ತಕ್ಷಣ ಇದೂ ಬಾಯಿ ಮುಚ್ಕೊಳ್ತದೆ. ಬೇಡ ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಹಾಕಿಸ್ಬೇಕು, ದುಡ್ಡು ಜಾಸ್ತಿ.

—

ನಾಗಲಮಡಿಕೆ_ನೆಲ:

ನಮ್ದು ಪಾವಗಡ ತಾಲೂಕು. ಧೂಳಿನ ವಿಷ್ಯ ಮಾವ ಹೇಳಿದ್ದು ಖರೇ, ನಾನು ಎರಡು ವರ್ಷ ಸೋಲಾರ್ ಪಾರ್ಕಲ್ಲಿ ಪ್ಯಾನೆಲ್ ತೊಳೆಯೋ ಕೆಲ್ಸ ಮಾಡಿದೀನಿ. 13,000 ಎಕರೆ, 2050 ಮೆಗಾವ್ಯಾಟು, ತಿರುಮಣಿ ಕಡೆಯಿಂದ ನಿಂತು ನೋಡಿದ್ರೆ ಕೆರೆ ತುಂಬಿದ ಹಂಗೆ ಕಾಣ್ತೈತೆ, ನಮ್ಮೂರಲ್ಲಿ ನಿಜವಾದ ಕೆರೆ ತುಂಬಿದ್ದು ನೋಡಿದ್ದು ಕಮ್ಮಿ ಬಿಡಿ. ಮೊದ್ಲು ಕಡ್ಲೆಕಾಯಿ ಹಾಕಿ ಮಳೆಗೆ ಬಾಯಿ ಬಿಡ್ತಿದ್ದ ಭೂಮಿ, ಈಗ ಎಕರೆಗೆ ವರ್ಷಕ್ಕೆ 21,000 ಗುತ್ತಿಗೆ ಅಂತ ಶುರುವಾಗಿ ಎರಡು ವರ್ಷಕ್ಕೊಂದ್ ಸಲ 5 ಪರ್ಸೆಂಟ್ ಏರ್ತೈತೆ. ಜಮೀನಿದ್ದೋರಿಗೆ ಪರ್ವಾಗಿಲ್ಲ, ಕೂಲಿಗೆ ಹೋಗ್ತಿದ್ದೋರ ಪಾಡು ಬೇರೆ, ಅದನ್ನ ಇನ್ನೊಂದಿನ ಮಾತಾಡಣ.

ಏನ್ ಹೇಳಕ್ ಬಂದೆ ಅಂದ್ರೆ, ತೊಳೆಯೋದು ಬೆಳಗಿನ ಜಾವ ಇಲ್ಲ ಸಂಜೆ. ಕಾದ ಗಾಜಿನ ಮೇಲೆ ತಣ್ಣೀರು ಹಾಕಿದ್ರೆ ಬಿರುಕು ಬಿಡೋ ಭಯ. ಬೋರ್ ನೀರು ಒಣಗಿದ್ರೆ ಬಿಳಿ ಕಲೆ ಕಟ್ಟುತ್ತೆ, ಅದು ಧೂಳಿಗಿಂತ ಕಷ್ಟ, ಅದ್ಕೆ ಹಾಕಿದ್ ನೀರನ್ನ ರಬ್ಬರ್ ಪಟ್ಟಿಲಿ ಎಳ್ದು ಬಿಡಬೇಕು. ಸೋಪು, ತಂತಿ ಬ್ರಷ್ಷು ಮುಟ್ಟಿಸ್ಬೇಡಿ. ಮೋಡ ಬಂದಾಗ ನೋಡಕ್ ಚೆಂದ, ನೆರಳು ಒಂದ್ ಕಡೆಯಿಂದ ಹರ್ಕೊಂಡ್ ಬರ್ತಿರುತ್ತೆ, ಅದು ತಲುಪಿದ ತಕ್ಷಣ ಆ ಬ್ಲಾಕಿನ ಇನ್ವರ್ಟರ್ ರೂಮಿನ ಗುಂಯ್ ಅನ್ನೋ ಸದ್ದು ಇಳ್ದೋಗುತ್ತೆ, ನೆರಳು ದಾಟಿದ್ ಮೇಲೆ ಮತ್ತೆ ಗುಂಯ್.

ಅಂದಂಗೆ ತೋಪಿನ ಅಂಚಲ್ಲೇ ಪ್ಯಾನೆಲ್ ಅಂದ್ರಲ್ಲ, ಹೂವಿನ ಕಾಲದಲ್ಲಿ ಮಾವಿಗೆ ಜಿಗಿಹುಳ ಬಿದ್ದಿತ್ತಾ?

—

ತೋಪಿನ_ಹುಡುಗ:

ನಾಗಲಮಡಿಕೆ ಅಣ್ಣ, ನೀವು ಎಲ್ಲಿದ್ರೂ ಬಂದು ನಿಮ್ ಕಾಲು ಹಿಡೀತೀನಿ.

ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಡಿಸ್‌ಪ್ಲೇ ನೋಡ್ದೆ: 318 ವೋಲ್ಟು, 9.6 ಆಂಪ್ಸು. ಬೆಳಿಗ್ಗೆ ಎಂಟೂವರೆಗೆ 347 ವೋಲ್ಟ್ ಇತ್ತು, ಅಂದ್ರೆ ಮೇಷ್ಟ್ರು ಹೇಳಿದ ಕಾವು ಕಣ್ಣಿಗೇ ಕಾಣ್ತು. ಆದ್ರೆ ಪ್ಯಾನೆಲ್ ಹಿಂದಿನ ಸ್ಟಿಕ್ಕರಲ್ಲಿ 13 ಆಂಪ್ಸ್ ಅಂತ ಬರ್ದೈತೆ, ನಮ್ದು 9.6! ಮಾವನ ಲೆಕ್ಕದಲ್ಲಿ ಇದು ಧೂಳು. ನಾನು ವಾರಕ್ಕೊಂದ್ಸಲ ಬಟ್ಟೇಲಿ ಒರೆಸ್ತಿದ್ದೆ, ಕೆಳಗಿನ ಸಾಲು ಮಾತ್ರ, ಮೇಲಿನದು ಕೈಗೆ ಎಟುಕಲ್ಲ. ಸಂಜೆ ಏಣಿ ಹಾಕಿ ಹತ್ತಿ ಬೆರಳಿಟ್ರೆ ಬೆಲ್ಲದ ಪಾಕದ ಥರ ಅಂಟು. ಹೂವಿನ ಟೈಮಲ್ಲಿ ಜಿಗಿಹುಳ ವಿಪರೀತ ಇತ್ತು, ಅದರ ಅಂಟು ಎಲೆ ಮೇಲೆ ಬಿದ್ದಂಗೆ ಗಾಜಿನ ಮೇಲೂ ಬಿದ್ದು, ಮೇಲೆ ರಸ್ತೆ ಧೂಳು ಕೂತು, ಕರಿ ಬೂಷ್ಟು ಹಿಡಿದೈತೆ. ಕೆಳಗಿಂದ ನೋಡಿದ್ರೆ ಗೊತ್ತೇ ಆಗಲ್ಲ ಯಾಕಂದ್ರೆ ಪ್ಯಾನೆಲ್ಲೇ ಕಪ್ಪು!

ಸೂರ್ಯ ಮುಳುಗಿದ ಮೇಲೆ ನಾನೂ ಅಪ್ಪನೂ ಎರಡು ಗಂಟೆ ನೆನೆಸಿ ನೆನೆಸಿ ಒರೆಸಿದ್ವಿ, ಅಮ್ಮನ ಹಳೇ ಹತ್ತಿ ಸೀರೆ ಒಂದು ಪೂರ್ತಿ ಇದ್ದಿಲಾಯ್ತು. ಇವತ್ತು ಅದೇ ಒಂದು ಗಂಟೆಗೆ 316 ವೋಲ್ಟು, 12.4 ಆಂಪ್ಸು. ವೋಲ್ಟ್ ಅಲ್ಲೇ ಐತೆ, ಆಂಪ್ಸ್ ಎದ್ದು ಕೂತೈತೆ. ನೀರು ಜನವರಿಯಷ್ಟು ಇಲ್ಲ, ಬೋರ್ ಇಳ್ದಿರೋದು ನಿಜ, ಆದ್ರೆ ಪೈಪ್ ಬಾಯಿ ತುಂಬಾ ಬರ್ತಾ ಐತೆ.

—

ವೈರ್‌ಮ್ಯಾನ್_ಮಾವ (ಚಿಕ್ಕಬಳ್ಳಾಪುರ):

ಒಳ್ಳೇದಾಯ್ತು. ಆ ತೋಪಿನ ಕಡೆ ಕೊಂಬೆನೂ ಒಂದು ನಾಲ್ಕಡಿ ಸವರು.

—

ತೋಪಿನ_ಹುಡುಗ:

ಸವರೋಕೆ ಅಪ್ಪ ಒಪ್ತಿಲ್ಲ ಮಾವ, ಅದು ಬಾದಾಮಿ ಮಾವಿನ ಮರ, ಈ ಸಲ ಫಲ ಚೆನ್ನಾಗೈತೆ, ಕೊಯ್ಲಾಗ್ಲಿ ಅಂತಾರೆ. ಅದಿರ್ಲಿ, ಈಗ ಹೊಸ ಕಾಟ ಶುರುವಾಗೈತೆ. ಅಪ್ಪ ಊಟಕ್ಕೆ ಕೂತ್ರೂ ಎದ್ದೋಗಿ ಡಬ್ಬ ನೋಡ್ಕೊಂಡ್ ಬಂದು "ಲೇ ಆಂಪ್ಸು ಹನ್ನೆರಡೂ ಕಾಲ್ ಐತೆ, ನಿನ್ನೆ ಹನ್ನೆರಡೂವರೆ ಹತ್ರ ಇತ್ತು, ಹೋಗಿ ಒಂದ್ಸಲ ಒರೆಸು" ಅಂತ ಕೂಗ್ತಾರೆ, ಮಧ್ಯಾಹ್ನ ಒರೆಸ್ಬಾರ್ದು ಅಂದ್ರೆ "ನಿಮ್ ಮೇಷ್ಟ್ರುನ ಕೇಳು" ಅಂತಾರೆ.